ಕೊನೆಯ ದೃಶ್ಯದ ಡಬ್ಬಿಂಗ್

ಗಂಡ ತೀರಿಕೊಂಡ ಮೇಲೆ ವಾಗ್ದೇವಿಗೆ ಸರಿಯಾಗಿ ಅಳು ಬಂದಿರಲಿಲ್ಲ, ನಗುವೂ ಅಷ್ಟೇ. ಡಬ್ಬಿಂಗ್ ಸ್ಟುಡಿಯೋದಲ್ಲಿ ಮಾತ್ರ ಬೇರೆಯವರ ಅಳುವಿಗೂ ನಗುವಿಗೂ ದನಿ ಕೊಡುತ್ತಿದ್ದಳು. ಮನೆಗೆ ಬಂದರೆ ಮತ್ತೆ ಏನೂ ಇಲ್ಲ.

ಈಗ ಡಬ್ಬಿಂಗ್ ನಡೆಯುತ್ತಿದ್ದದ್ದು ನಾರ್ವೆಯ ಒಂದು ಪ್ರೇಮಕಥೆಯ ಸಿನಿಮಾಕ್ಕೆ. ನಡುವಯಸ್ಸಿನ ಇಬ್ಬರು ಪಕ್ಕಪಕ್ಕ ಕೂತು ಹಿಮ ನೋಡುತ್ತಾರೆ, ಹೇಳಬೇಕಾದದ್ದನ್ನು ಹೇಳುವುದಿಲ್ಲ. ನಾಯಕಿಗೆ ವಾಗ್ದೇವಿಯ ದನಿ; ನಾಯಕನಿಗೆ ದನಿ ಕೊಡುತ್ತಿದ್ದವನು ಜಯತೀರ್ಥ. ಹೆಂಡತಿ ಬಿಟ್ಟುಹೋದ ಮೇಲೆ ಅವನೂ ಮಾತು ಕಡಿಮೆ ಮಾಡಿದ್ದ. ಬಿಡುವಿನಲ್ಲಿ ಇಬ್ಬರೂ ಒಟ್ಟಿಗೆ ಕಾಫಿ ಕುಡಿಯುತ್ತಿದ್ದರು.

"ಸಕ್ಕರೆ ಸಾಕಾ ನಿಮಗೆ?"

"ಸಾಕು."

ಅದರಾಚೆ ಮಾತು ಬೆಳೆದದ್ದೇ ಇಲ್ಲ.

ಕೊನೆಯ ದೃಶ್ಯ ಬಂತು. ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೊಂದು ಮೈಕಿನ ಮುಂದೆ ನಿಂತರು. ಪರದೆಯ ಮೇಲೆ ನಾಯಕ ಕೇಳಿದ. ನಾಯಕಿ ಉತ್ತರಿಸದೆ ಸಮುದ್ರದ ಕಡೆ ತಿರುಗಿದಳು.

ಜಯತೀರ್ಥ ಹೇಳಿದ, "ನನ್ನ ಜೊತೆ ಇರ್ತೀರಾ?"

ಗಾಜಿನಾಚೆಯಿಂದ ಸೌಂಡ್ ಇಂಜಿನಿಯರ್ ತಡೆದ. "ಸಾರ್, 'ಇರ್ತೀಯಾ' ಅಂತಿದೆ. ಅವನು ಅವಳನ್ನ ಬಹುವಚನದಲ್ಲಿ ಮಾತಾಡ್ಸಲ್ಲ. ಇನ್ನೊಂದ್ಸಲ."

ಜಯತೀರ್ಥ ನೀರು ಕುಡಿದ. ಲೋಟ ಕೆಳಗಿಟ್ಟು, ಪರದೆ ಬಿಟ್ಟು ವಾಗ್ದೇವಿಯ ಕಡೆ ನೋಡಿದ.

"ನನ್ನ ಜೊತೆ... ಇರ್ತೀರಾ?"

"ಅಯ್ಯೋ, ಮತ್ತೆ ಅದೇ ಅಲ್ವಾ ಸಾರ್!" ಇಂಜಿನಿಯರ್ ತಲೆ ಚಚ್ಚಿಕೊಂಡ. "ಮೇಡಂ, ನೀವಾದ್ರೂ ಒಂದು ಮಾತು ಹೇಳಿ ಅವರಿಗೆ."

ವಾಗ್ದೇವಿ ಹೆಡ್‌ಫೋನ್ ತೆಗೆದಿಟ್ಟು, ಜಯತೀರ್ಥನ ಕಡೆ ತಿರುಗಿ ಹೇಳಿದಳು:

"ಇರ್ತೀನಿ."