ಲಸಿಕೆಯ ವ್ಯಾನು ವಫ್ರಾಕ್ಕೆ ಬಂದ ಮಧ್ಯಾಹ್ನ

ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಕುವೈತಿನ ವಫ್ರಾದ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಕೊರೊನಾ ಕಾಲ, ನನಗಾಗ ಹದಿಮೂರು ವರ್ಷ. ಅಮ್ಮ ಅಲ್ಲಿನ ತೋಟವೊಂದರಲ್ಲಿ ಇಪ್ಪತ್ತು ಕೂಲಿಯಾಳುಗಳಿಗೆ ಅಡುಗೆ ಮಾಡುತ್ತಿದ್ದಳು. ಪೇಟೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳೋಣವೆಂದರೆ ಅವರಿಗೆ ಬಸ್ಸೂ ಇರಲಿಲ್ಲ, ರಜೆಯೂ ಇರಲಿಲ್ಲ. ಕೊನೆಗೆ ಲಸಿಕೆಯ ವ್ಯಾನೇ ತೋಟದ ಗೇಟಿಗೆ ಬಂದು ನಿಂತಿತು, ನಾಲ್ಕು ಗಂಟೆಯವರೆಗೆ ಮಾತ್ರ.

ನಮ್ಮ ಊರ ಕಡೆಯವರೇ ಆದ ತೋಟದ ಮೇಸ್ತ್ರಿ, ಆಳುಗಳೆಲ್ಲ ಒಳಗಿದ್ದ, ಪ್ಲಾಸ್ಟಿಕ್ ಹೊದೆಸಿದ ಗ್ರೀನ್‌ಹೌಸಿನ ಬಾಗಿಲಿಗೆ ಅಡ್ಡ ನಿಂತರು. “ನಾಳೆ ಸೌತೆಕಾಯಿ ಲೋಡ್ ಉಂಟು ಅಕ್ಕ. ಎಲ್ಲರೂ ಸೂಜಿ ಚುಚ್ಚಿಸಿಕೊಂಡು ಜ್ವರ ಅಂತ ಮಲಗಿದ್ರೆ ಕೊಯ್ಯುವುದು ಯಾರು? ಅರ್ಧ ಜನ ಹೋಗಲಿ, ಉಳಿದವರು ಮುಂದಿನ ಸಲ.”

“ಮುಂದಿನ ಸಲ ಬರ್ತೇವೆ ಅಂತ ವ್ಯಾನಿನವರು ನಿಮ್ಮ ಕಿವಿಯಲ್ಲಿ ಹೇಳಿದ್ರಾ?” ಅಮ್ಮ ಸೌಟು ಹಿಡಿದೇ ಬಂದಿದ್ದಳು. “ಎಲ್ಲರೂ ಹೋಗ್ತಾರೆ. ಜ್ವರ ಬಂದವರ ಸಾಲು ನಾಳೆ ನಾನು ಕೊಯ್ತೇನೆ, ಮಗಳು ಕೊಯ್ತಾಳೆ, ನೀವೂ ಕೊಯ್ಯಿರಿ. ಆಗುದಿಲ್ವಾ, ಇವತ್ತಿನಿಂದ ನಿಮ್ಮ ಅನ್ನ ನೀವೇ ಬೇಯಿಸಿಕೊಳ್ಳಿ.”

ಚೌಕಾಸಿ ಮಾಡುವವರಿಗೆ ನನ್ನದೊಂದೇ ಮಾತು: ಎದುರಿನವರ ಭಯಕ್ಕೆ ಮೊದಲು ಉತ್ತರ ಕೊಡಿ, ಆಮೇಲೆ ಪಟ್ಟು ಹಿಡಿಯಿರಿ.

ಮೇಸ್ತ್ರಿ ಗಡಿಯಾರ ನೋಡಿದರು, ಅಮ್ಮನ ಮುಖ ನೋಡಿದರು. “ಯಲ್ಲಾ, ಹೋಗಿ ಮಾರಾಯ್ರೇ” ಎಂದು ಅಲ್ಲಿನ ಅರಬ್ಬಿ ಬೆರೆಸಿ ಅವಸರಪಡಿಸುತ್ತ ಪಕ್ಕಕ್ಕೆ ಸರಿದರು. ಇಪ್ಪತ್ತು ಜನವೂ ಗೇಟಿನತ್ತ ಓಡಿದರು.

ಮರುದಿನ ಏಳು ಜನ ಜ್ವರದಲ್ಲಿ ಮಲಗಿದ್ದರು. ಮೇಸ್ತ್ರಿ ಬೆವರು ಸುರಿಸುತ್ತ ನಮ್ಮ ಪಕ್ಕದ ಸಾಲಿನಲ್ಲಿ ಕೊಯ್ಯುತ್ತಿದ್ದರು.

“ಬಳ್ಳಿ ಜಗ್ಗಬೇಡಿ ಮೇಸ್ತ್ರಿಗಳೇ,” ಅಮ್ಮ ತಲೆಯೆತ್ತದೆ ಹೇಳಿದಳು, “ತೊಟ್ಟು ಉಳಿಸಿ ಕತ್ತರಿಸಿ.”