ಕೀಳಬಾರದ ಮೊಳೆ

“ಗೋಡೆಗೆ ಮೊಳೆ ಹೊಡೆದಿದೀಯಾ?”

ಬಾಗಿಲು ತೆರೆದದ್ದೇ ತಡ, ಮನೆಯ ಯಜಮಾನಿ ಒಳಗೆ ಬಂದುಬಿಟ್ಟಳು. ಕೈಯಲ್ಲಿ ನೆಪಕ್ಕೆಂದು ಗುಂಡಿ ಕಿತ್ತ ಅಂಗಿಯೊಂದು ಇತ್ತು. ಕಣ್ಣು ಮಾತ್ರ ನೇರ ಎದುರಿನ ಗೋಡೆಗೆ ಹೋಯಿತು. ಮಹಡಿಯಲ್ಲಿ ಬಾಡಿಗೆಗಿದ್ದ ಹೊಲಿಗೆಯವಳು ಹಲ್ಲಿನಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದು, “ಇಲ್ಲ ಆಂಟಿ, ಒಂದೂ ಇಲ್ಲ” ಎಂದಳು.

“ಬೆಳಗಿನಿಂದ ಧಡ್ ಧಡ್ ಅಂತಿದೆ. ಕೆಳಗಿರೋ ನಾನೇನು ಕಿವುಡೀನಾ?”

“ಅದು ನನ್ನ ಮುಷ್ಟಿ ಆಂಟಿ. ಎರಡೂ ಕಡೆ ಅಂಟೋ ಟೇಪು. ಗುದ್ದಿದರೇನೇ ಕೂರೋದು.”

ಗೋಡೆಯ ತುಂಬ ಫೋಟೊಗಳಿದ್ದವು. ಚಪ್ಪಲಿ ಡಬ್ಬಿಯ ರಟ್ಟು ಕತ್ತರಿಸಿ, ಹೊಲಿದು ಮಿಕ್ಕ ಬಟ್ಟೆಯ ಚೂರು ಸುತ್ತಿ ಅವಳೇ ಮಾಡಿದ ಚೌಕಟ್ಟುಗಳು. ಒಂದಕ್ಕೆ ಯಾರದೋ ಗೆರೆಯಂಗಿಯ ತುಂಡು, ಇನ್ನೊಂದಕ್ಕೆ ಯಾರದೋ ಪರದೆಯ ಹೂವು. ಒಳಗೆ ತಾಯಿ, ತಂಗಿ, ಗಂಡನ ಅಣ್ಣಂದಿರು, ಹಲ್ಲಿಲ್ಲದೆ ನಗುವ ಕೂಸು. ಯಜಮಾನಿ ಯಾರ ಮುಖವನ್ನೂ ನೋಡಲಿಲ್ಲ. ಒಂದೊಂದು ರಟ್ಟಿನ ಹಿಂದೆಯೂ ಬೆರಳು ತೂರಿಸಿ ತಡವಿದಳು. ಹೊಲಿಗೆಯವಳು ಆ ಬೆರಳನ್ನೇ ನೋಡುತ್ತ ನಿಂತಳು. ಹಿಂದಿನ ಮನೆ ಬಿಡಿಸಿದ್ದು ಬಟ್ಟೆ ಒಣಗಿಸುವ ಹಗ್ಗಕ್ಕೆ ಹೊಡೆದ ಒಂದು ಕೊಕ್ಕೆಗಾಗಿ. ಇಲ್ಲಿಂದಲೂ ಏಳೆಂದರೆ ಹೊಲಿಗೆ ಯಂತ್ರ ಹೊತ್ತು ಎಲ್ಲಿಗೆ ಹೋಗುವುದು?

“ಹಾಂ, ಸಿಕ್ತು! ಇದೇನಿದು?”

ನಟ್ಟನಡುವೆ ಒಂದು ಫೋಟೊದಷ್ಟು ಜಾಗ ಖಾಲಿ ಇತ್ತು. ಅಲ್ಲೊಂದು ತುಕ್ಕು ಹಿಡಿದ ಮೊಳೆ.

“ಅದು ನಾವು ಬರೋಕೆ ಮುಂಚೇನೇ ಇತ್ತಲ್ಲ ಆಂಟಿ. ಹೊಸದು ಹೊಡೀಬೇಡ, ಇರೋದನ್ನ ಕೀಳಬೇಡ ಅಂತ ಮನೆ ಕೊಡೋವಾಗ ನೀವೇ ಹೇಳಿದ್ರಿ. ಹೊಡೀಲಿಲ್ಲ, ಕೀಳಲಿಲ್ಲ. ನಮ್ಮದಲ್ಲದ ಮೊಳೆಗೆ ನಮ್ಮ ಫೋಟೊ ಯಾಕೆ ಅಂತ ಜಾಗ ಬಿಟ್ಟೆ.”

ಯಜಮಾನಿ ಹೆಬ್ಬೆರಳಿಂದ ಮೊಳೆಯ ತಲೆಯನ್ನು ಒಮ್ಮೆ ಸವರಿ, ಅಂಗಿಯನ್ನು ಅಲ್ಲೇ ಮರೆತು ಇಳಿದುಹೋದಳು. ಬೈದು ಹೋಗಿದ್ದರೆ ಹೊಲಿಗೆಯವಳಿಗೆ ನೆಮ್ಮದಿಯಾಗುತ್ತಿತ್ತು. ಮನೆ ಬಿಡಿಸುವವರು ಹೀಗೇ ಸುಮ್ಮನಾಗುತ್ತಾರೆ ಎಂಬುದು ಅವಳು ಕಂಡುಂಡ ಮಾತು.

ಮರುದಿನ ಯಜಮಾನಿ ಮತ್ತೆ ಬಂದಳು. ಒಳಗೆ ಬಂದವಳೇ ಬಾಗಿಲ ಚಿಲಕ ತಾನೇ ಹಾಕಿ, ಸೆರಗಿನ ಮರೆಯಿಂದ ಒಂದು ಗಾಜಿನ ಫೋಟೊ ತೆಗೆದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಸೈಕಲ್ಲಿಗೆ ಒರಗಿ ನಿಂತ ಹುಡುಗ.

“ಈ ಮೊಳೆಗೆ ಎಷ್ಟು ಬಾಡಿಗೆ ಕೊಡಲಿ, ಹೇಳಮ್ಮಾ?”

“ಅಯ್ಯೋ ಆಂಟಿ! ಯಾರಿದು?”

“ನನ್ನ ಮಗ. ಇದು ಅವನ ಕೋಣೆ. ಮೊಳೆ ಅವನೇ ಹೊಡೆದದ್ದು. ನಿನ್ನೆ ಇಷ್ಟು ಫೋಟೊಗಳ ನಡುವೆ ನನಗೇ ಗುರುತು ಹತ್ತಲಿಲ್ಲ. ಅಪ್ಪನ ಜತೆ ಮಾತಿಗೆ ಮಾತು ಬೆಳೆಸಿ ಎದ್ದು ಹೋದ. ಅವನ ಮುಖ ಈ ಮನೇಲಿ ಕಾಣಕೂಡದು ಅಂದುಬಿಟ್ಟರು ಇವರು. ಇಷ್ಟು ಜನದ ನಡುವೆ ಅವನೊಬ್ಬ ಇದ್ದರೆ ಯಾರಿಗೆ ಗೊತ್ತಾಗತ್ತೆ? ಕೇಳಿದರೆ ನಿಮ್ಮ ನೆಂಟ ಅನ್ನು.”

“ಅಂಕಲ್ ನೋಡಿಬಿಟ್ರೆ?”

“ಅವನು ಹೋದಮೇಲೆ ಅವರು ಈ ಮೆಟ್ಟಿಲು ತುಳಿದಿಲ್ಲ.”

ಫೋಟೊ ಮೊಳೆಗೆ ಏರಿತು. ಅಂದಿನಿಂದ ಯಜಮಾನಿ ಬೆಳಗಾದರೆ ಗಂಡನ ಅಂಗಿಯೊಂದನ್ನು ಹಿಡಿದು ಮಹಡಿ ಹತ್ತತೊಡಗಿದಳು. ಗುಂಡಿ ಹಚ್ಚುವಷ್ಟು ಹೊತ್ತು ಆ ಫೋಟೊದ ಎದುರು ನಿಲ್ಲುವಳು. ಹಚ್ಚಿ ಮುಗಿದರೂ ನಿಂತಿರುವಳು. ಗುಂಡಿಗಳು ತಾವಾಗಿ ಉದುರಿದವಲ್ಲ, ದಾರಕ್ಕೆ ಕತ್ತರಿ ಬಿದ್ದದ್ದು ಹೊಲಿಗೆಯವಳಿಗೆ ಕಾಣುತ್ತಿತ್ತು. ಕಂಡರೂ ಕಾಣದವಳಂತೆ ಹಚ್ಚಿಕೊಟ್ಟಳು.

ಆದರೆ ತೊಟ್ಟುಕೊಳ್ಳುವವರಿಗೆ ಅನುಮಾನ ಬಾರದಿರುತ್ತದೆಯೇ? ಒಂದು ಬೆಳಗ್ಗೆ ಮೆಟ್ಟಿಲ ಮೇಲೆ ಕೇಳಿದ ಸದ್ದು ಯಜಮಾನಿಯ ಹಗುರ ಹೆಜ್ಜೆಯದಲ್ಲ. ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತವರು ಮನೆಯ ಯಜಮಾನರು.

“ನನ್ನ ಅಂಗಿಗಳಿಗೆ ಏನು ಬಂದಿದೆ? ದಿನಾ ಒಂದು ಗುಂಡಿ ಉದುರತ್ತೆ, ದಿನಾ ಇವಳು ಇಲ್ಲಿಗೆ ಓಡ್ತಾಳೆ. ಏನು ನಡೀತಿದೆ ಇಲ್ಲಿ?”

ಅವರ ನೋಟ ಯಂತ್ರದ ಮೇಲೆ, ಬಟ್ಟೆಯ ರಾಶಿಯ ಮೇಲೆ ಹರಿದು ಗೋಡೆಗೆ ಬಂದು ನಿಂತಿತು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಎಡಗಡೆಯ ತುದಿಯಿಂದ ಶುರು ಮಾಡಿದರು.

“ಇವರು?”

“ನಮ್ಮಮ್ಮ.”

“ಇವರೆಲ್ಲ?”

“ಭಾವನವರು, ಅಂಕಲ್.”

ಮುಂದಿನ ಹೆಜ್ಜೆಗೆ ಅವರು ನಿಂತುಬಿಟ್ಟರು. ಗಾಜಿನ ಒಳಗಿನ ಹುಡುಗನಿಗೂ ಗಾಜಿನ ಮುಂದೆ ನಿಂತವರಿಗೂ ಒಂದೇ ಅಚ್ಚಿನ ಅಗಲ ಕಿವಿ.

“ಇವನು?”

ನಿಜ ಹೇಳಿದರೆ ಆ ತಾಯಿಯ ಗತಿಯೇನು? ಸುಳ್ಳು ಹೇಳಿದರೆ ತನ್ನ ಮನೆಯ ಗತಿಯೇನು? ಹೊಲಿಗೆಯವಳು ಕೈಗೆ ಸಿಕ್ಕ ಬಟ್ಟೆಯನ್ನು ಮಡಚತೊಡಗಿದಳು. “ನೆಂಟರು... ನಮ್ಮ ನೆಂಟರು.”

“ನಿನ್ನ ಕಡೆಯೋ, ಗಂಡನ ಕಡೆಯೋ?”

“ಅವರ ಕಡೆ.”

ಯಜಮಾನರು ಬಹಳ ಹೊತ್ತು ನೋಡಿದರು. ಆಮೇಲೆ, “ಆರೋಗ್ಯವಾಗಿದಾನಂತಾ?” ಎಂದರು.

ಅವಳಿಗೇನು ಗೊತ್ತು? ಉತ್ತರ ಬಂದದ್ದು ಹಿಂದಿನಿಂದ, ಯಾವಾಗಲೋ ಬಂದು ಮೆಟ್ಟಿಲ ಮೇಲೆ ನಿಂತಿದ್ದ ಯಜಮಾನಿಯಿಂದ.

“ಹೂಂ. ಆರೋಗ್ಯವಾಗಿದಾನಂತೆ.”

ಯಜಮಾನರು ತಿರುಗಿ ನೋಡಲಿಲ್ಲ. ಫೋಟೊ ಒಂದಿಷ್ಟು ಓರೆಯಾಗಿತ್ತು. ಒಂದೇ ಬೆರಳಿಂದ ಅದರ ಮೂಲೆ ಮುಟ್ಟಿ, ನೆಟ್ಟಗೆ ಮಾಡಿದರು.