ನೋವಿಲ್ಲದ ಅಂಟು

ಆ ಊರಿನಲ್ಲಿ ಎಲ್ಲರೂ ನೋವು ಮರೆಸುವ ಜಾಲಿಯಂಟನ್ನು ದಿನವೂ ತಿನ್ನುತ್ತಿದ್ದರು. ಬಾಣಂತಿ ನೀಲಗಂಗಾಳಿಗೆ ದಾದಿ ಶಾಂತಕ್ಕ ಅಂಟಿನುಂಡೆ ತಂದಳು.

“ಇದು ಕೂಸಿಗೆ ಏನೂ ಮಾಡಂಗಿಲ್ಲೇನ್ರಿ?” ನೀಲಗಂಗಾ ಅನುಮಾನದಿಂದ ಕೇಳಿದಳು.

“ಗಿಡದ್ದೈತಿ, ಏನ್ ಮಾಡ್ತೈತಿ? ಇವತ್ತಿನತನಕ ಒಬ್ಬರೂ ದೂರಿಲ್ಲ.”

ಶಾಂತಕ್ಕನ ಅಂಗಾಲಿಗೆ ಗಾಜಿನ ಚೂರು ನೆಟ್ಟು ನೆಲವೆಲ್ಲ ರಕ್ತವಾಗಿತ್ತು. ನೀಲಗಂಗಾ ತೋರಿಸಿದಾಗ ಅದನ್ನು ಕಿತ್ತೆಸೆದು, ನಗುತ್ತಲೇ ಮುಂದಿನ ಮನೆಗೆ ನಡೆದಳು.

ಹುಟ್ಟಿದಾಗಿನಿಂದ ನೀಲಗಂಗಾಳ ಮಗು ಒಮ್ಮೆಯೂ ಅತ್ತಿರಲಿಲ್ಲ. ಹಸಿದರೂ ಸುಮ್ಮನೆ ಸೊರಗುತ್ತಿತ್ತು. ಅಂಟು ತನ್ನ ಹಾಲಿಗೂ ಇಳಿದಿರಬೇಕೆಂದು ಅವಳು ಉಂಡೆಗಳನ್ನು ತಿನ್ನದೆ ಗುಟ್ಟಾಗಿ ಹಿತ್ತಲಲ್ಲಿ ಹೂಳತೊಡಗಿದಳು. ಹೆರಿಗೆಯ ಹೊಲಿಗೆಗಳು ಉರಿಯತೊಡಗಿದರೂ ಹಲ್ಲು ಕಚ್ಚಿ ತಡೆದುಕೊಂಡಳು.

ಒಂದು ಬೆಳಿಗ್ಗೆ ಮಗು ಕಿರುಚಿ ಅತ್ತಿತು. ಓಣಿಯ ಜನ ಗಾಬರಿಯಿಂದ ಓಡಿಬಂದರು.

“ಏನಾಗೈತಿ ಅದಕ್ಕ?”

“ಹಸಿವಾಗೈತ್ರಿ!” ಎನ್ನುತ್ತ ನೀಲಗಂಗಾ ಮಗುವನ್ನು ಎದೆಗೆ ಹಚ್ಚಿಕೊಂಡಳು.